ಯಂತ್ರವೇ ಮುಳ್ಳಾದ ಗಡಿಯಾರ

ಪ್ರಶ್ನೆ: ಈಚೆಗೆ ಹೈದರಾಬಾದಿನಲ್ಲಿ ನಡೆದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರ ಕೈಯಲ್ಲಿ ವಿಚಿತ್ರವಾದ ಗಡಿಯಾರವೊಂದನ್ನು ಕಂಡೆ. ಅದಕ್ಕೆ ಡಯಲ್ ಇರಲಿಲ್ಲ, ಮುಳ್ಳುಗಳಿರಲಿಲ್ಲ, ಚಾವಿ ಕೊಡುವ ಗುಂಡಿಯೂ ಇರಲಿಲ್ಲ. ಒಳಗಿನ ಯಂತ್ರ ಗಾಜಿನ ಕೆಳಗೆ ಬಿಚ್ಚಿಟ್ಟಂತೆ ಕಾಣುತ್ತಿತ್ತು. ವಿಚಾರಿಸಿದಾಗ ಅದರ ಹೆಸರು ‘ಫ್ರೀಕ್’ ಎಂದೂ, ಯುಲಿಸ್ ನಾರ್ಡಿನ್ ಎಂಬ ಸ್ವಿಸ್ ಕಂಪನಿ ಅದನ್ನು ಮಾಡುತ್ತದೆಂದೂ ತಿಳಿಯಿತು. ಬೆಲೆ ಕೇಳಿ ಸುಮ್ಮನಾದೆ. ಈ ಗಡಿಯಾರ ವೇಳೆ ತೋರಿಸುವುದು ಹೇಗೆ? ಇಂಥದೊಂದು ರೂಪ ಹುಟ್ಟಿದ್ದು ಹೇಗೆ? ಇದರಲ್ಲಿ ನಿಜವಾದ ವಿದ್ಯೆ ಇದೆಯೇ, ಅಥವಾ ಶ್ರೀಮಂತರ ಆಟಿಕೆಯೇ? ತಂದೆಯವರ ಎಚ್‌ಎಂಟಿ ಜನತಾ ಗಡಿಯಾರಕ್ಕೆ ದಿನವೂ ಬೆಳಿಗ್ಗೆ ಚಾವಿ ಕೊಡುವ ರೂಢಿ ನನ್ನದು. ಅದು ಈಗೀಗ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿದೆ. ಅದಕ್ಕೇನು ಮಾಡಬೇಕೆಂದೂ ತಿಳಿಸಿ. (ನಿವೃತ್ತ ಶಿಕ್ಷಕರು, ಬೀದರ್)

ಉತ್ತರ: ತಮ್ಮ ತಂದೆಯವರ ಜನತಾ ಗಡಿಯಾರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಹೇಗೆ ನಡೆಯುತ್ತದೆಂದು ತಿಳಿದರೆ ಫ್ರೀಕ್ ಎಲ್ಲಿ ದಾರಿ ಬಿಟ್ಟು ಹೋಯಿತೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ತಾವು ಬೆಳಿಗ್ಗೆ ಚಾವಿ ಕೊಟ್ಟಾಗ ಬ್ಯಾರೆಲ್ ಎಂಬ ಪುಟ್ಟ ಡಬ್ಬಿಯೊಳಗಿನ ಮೇನ್‌ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುತ್ತ ಹಲ್ಲುಚಕ್ರಗಳ ಸಾಲನ್ನು ನೂಕುತ್ತದೆ. ಸಾಲಿನ ಕೊನೆಯಲ್ಲಿರುವ ಎಸ್ಕೇಪ್ ವೀಲನ್ನು ಪ್ಯಾಲೆಟ್ ಎಂಬ ಕವೆಯಂಥ ಭಾಗ ತಡೆದು ಬಿಡುತ್ತ, ತಡೆದು ಬಿಡುತ್ತ ಹೋಗುತ್ತದೆ, ಮತ್ತು ಆ ತಡೆಯುವಿಕೆಯ ಲಯವನ್ನು ನಿರ್ಧರಿಸುವುದು ಹೇರ್‌ಸ್ಪ್ರಿಂಗ್ ಎಂಬ ಕೂದಲೆಳೆಯಂಥ ಸುರುಳಿಯನ್ನು ಕಟ್ಟಿಕೊಂಡು ಹಿಂದೆ ಮುಂದೆ ತೂಗುವ ಬ್ಯಾಲೆನ್ಸ್ ಚಕ್ರ. ಜನತಾ ಗಡಿಯಾರದಲ್ಲಿ ಈ ಬಡಿತ ಗಂಟೆಗೆ 18,000, ಅಂದರೆ ಒಂದು ದಿನಕ್ಕೆ 4,32,000. ಇಷ್ಟೆಲ್ಲ ಕೆಲಸ ಒಂದು ಹಿತ್ತಾಳೆಯ ತಟ್ಟೆಯ ಮೇಲೆ ಕದಲದೆ ಕುಳಿತು ನಡೆಯುತ್ತದೆ. ಅದರ ಫಲ ಮಾತ್ರ ಡಯಲಿನ ನಡುವಿನ ರಂಧ್ರದಿಂದ ಮೇಲೆ ಬಂದು, ಮುಳ್ಳುಗಳ ರೂಪದಲ್ಲಿ ನಮಗೆ ಕಾಣುತ್ತದೆ. ಯಂತ್ರ ಒಳಮನೆಯಲ್ಲಿ ದುಡಿಯುತ್ತದೆ, ಮುಳ್ಳುಗಳು ಪಡಸಾಲೆಯಲ್ಲಿ ಕುಳಿತು ಲೆಕ್ಕ ಒಪ್ಪಿಸುತ್ತವೆ. ಜೇಬುಗಡಿಯಾರದ ಕಾಲದಿಂದ ಹೆಚ್ಚುಕಡಿಮೆ ಎಲ್ಲ ಗಡಿಯಾರಗಳೂ ಈ ಏರ್ಪಾಡನ್ನೇ ಪಾಲಿಸಿಕೊಂಡು ಬಂದಿವೆ.

ಫ್ರೀಕ್‌ನಲ್ಲಿ ಆ ತಟ್ಟೆ ಕುಳಿತಲ್ಲಿ ಕುಳಿತಿರುವುದಿಲ್ಲ. ಚಕ್ರಗಳ ಸಾಲು, ಎಸ್ಕೇಪ್‌ಮೆಂಟು (ಎಸ್ಕೇಪ್ ವೀಲು ಮತ್ತು ಅದನ್ನು ತಡೆದು ಬಿಡುವ ಏರ್ಪಾಡು), ಬ್ಯಾಲೆನ್ಸು ಎಲ್ಲವನ್ನೂ ಉದ್ದನೆಯ ಒಂದು ಪಟ್ಟಿಯ ಮೇಲೆ ಜೋಡಿಸಿ, ಆ ಪಟ್ಟಿಯೇ ಗಂಟೆಗೊಮ್ಮೆ ಪೂರ್ತಿ ಒಂದು ಸುತ್ತು ಬರುವಂತೆ ಮಾಡಲಾಗಿದೆ. ಪಟ್ಟಿಯ ಚೂಪಾದ ತುದಿ ಎಲ್ಲಿದೆಯೋ ಅದೇ ನಿಮಿಷ. ಅದರ ಕೆಳಗೆ ಇನ್ನೊಂದು ತಟ್ಟೆ 12 ಗಂಟೆಗೊಮ್ಮೆ ನಿಧಾನವಾಗಿ ತಿರುಗುತ್ತದೆ, ಮತ್ತು ಆ ತಟ್ಟೆಯ ಮೇಲಿನ ಬಾಣದ ಗುರುತು ಗಂಟೆಯನ್ನು ಹೇಳುತ್ತದೆ. ಹಾಗಾಗಿ ಮುಳ್ಳುಗಳಿಲ್ಲ ಎಂದು ತಾವು ಬರೆದದ್ದು ಒಂದರ್ಥದಲ್ಲಿ ಸರಿ, ಇನ್ನೊಂದರ್ಥದಲ್ಲಿ ಸರಿಯಲ್ಲ. ಅಲ್ಲಿ ಯಂತ್ರವೇ ಮುಳ್ಳು.

ತಿರುಗಿಸುವವರು ಯಾರು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ನಮ್ಮ ಭಾಗದಲ್ಲಿ ಹಿಂದೆ ಕುಸುಬೆ ಎಣ್ಣೆ ತೆಗೆಯುತ್ತಿದ್ದ ಎತ್ತಿನ ಗಾಣವನ್ನು ತಾವು ನೋಡಿರುತ್ತೀರಿ. ಗಾಣದ ಕಲ್ಲು ನಡುವೆ ನೆಲದಲ್ಲಿ ಹೂತು ನಿಂತಿರುತ್ತದೆ, ಎತ್ತು ಅದರ ಸುತ್ತ ನಡೆಯುತ್ತದೆ, ಎತ್ತಿಗೆ ಕಟ್ಟಿದ ನೊಗದ ಮರವೂ ಅದರ ಮೇಲೆ ಕುಳಿತ ಹುಡುಗನೂ ಒಟ್ಟಿಗೇ ಸುತ್ತುತ್ತಾರೆ. ಎತ್ತು ತನ್ನ ಕಾಲಿನಿಂದ ನೆಲವನ್ನು ಹಿಂದಕ್ಕೆ ಒತ್ತಿ ತನ್ನನ್ನೇ ಮುಂದಕ್ಕೆ ನೂಕಿಕೊಳ್ಳುತ್ತದೆ. ಫ್ರೀಕ್‌ನ ಒಳಸುತ್ತಿನಲ್ಲಿ, ಕೇಸಿನ, ಅಂದರೆ ಹೊರಕವಚದ, ಅಂಚಿಗೆ, ಒಳಮುಖವಾಗಿ ಹಲ್ಲು ಕೊರೆದ ಒಂದು ಬಳೆಯಿದೆ, ಅದು ನೆಲ. ಚಕ್ರದ ಸಾಲಿನ ಒಂದು ಪಿನಿಯನ್, ಅಂದರೆ ಪುಟ್ಟ ಹಲ್ಲುಚಕ್ರ, ಆ ಹಲ್ಲುಗಳ ಮೇಲೆ ಹೆಜ್ಜೆಯಿಡುತ್ತ ಇಡೀ ಯಂತ್ರವನ್ನು ತನ್ನೊಂದಿಗೆ ಒಯ್ಯುತ್ತದೆ. ಗಾಣದ ಎತ್ತು ಯಾವ ದಿಕ್ಕಿನಲ್ಲಿದೆ ಎಂದು ನೋಡಿ ವೇಳೆ ಹೇಳುವಂತಾದರೆ ಹೇಗಿರುತ್ತದೋ ಹಾಗೆ. ಹೋಲಿಕೆ ಇಲ್ಲಿಗೆ ಸಾಕು, ಇನ್ನೂ ಎಳೆದರೆ ಎಣ್ಣೆ ಬರುವುದಿಲ್ಲ.

ಇಂಥ ಆಲೋಚನೆ ಶೂನ್ಯದಿಂದ ಬಂದದ್ದಲ್ಲ. ಜೇಬಿನಲ್ಲಿ ನೆಟ್ಟಗೆ ನಿಲ್ಲುವ ಗಡಿಯಾರದಲ್ಲಿ ಬ್ಯಾಲೆನ್ಸ್ ಚಕ್ರದ ತೂಕ ಎಳ್ಳಷ್ಟು ಒಂದು ಕಡೆಗೆ ಹೆಚ್ಚಿದ್ದರೂ ಭೂಮಿಯ ಸೆಳೆತ ಅದನ್ನು ಒಂದೇ ದಿಕ್ಕಿಗೆ ಎಳೆದು, ನಡಿಗೆಯಲ್ಲಿ ತಪ್ಪು ಮೂಡಿಸುತ್ತದೆ. ಬ್ಯಾಲೆನ್ಸ್ ಮತ್ತು ಎಸ್ಕೇಪ್‌ಮೆಂಟನ್ನು ಒಂದು ಪಂಜರದೊಳಗಿಟ್ಟು ಪಂಜರವನ್ನೇ ತಿರುಗಿಸುತ್ತಿದ್ದರೆ ತಪ್ಪುಗಳು ಎಲ್ಲ ದಿಕ್ಕಿಗೂ ಹಂಚಿಹೋಗಿ ಒಂದನ್ನೊಂದು ಕಳೆಯುತ್ತವೆ ಎಂಬ ಉಪಾಯಕ್ಕೆ ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಪೇಟೆಂಟ್ ಪಡೆದರು. ಅದೇ ಟೂರ್ಬಿಯೋಂ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನೆಲೆಸಿದ್ದ ಡೆನ್ಮಾರ್ಕಿನ ಬಾನೆ ಬೊನಿಕ್ಸನ್ 1892ರಲ್ಲಿ ಅದನ್ನೇ ಇನ್ನಷ್ಟು ಗಟ್ಟಿಮುಟ್ಟಾಗಿ, ನಿಧಾನವಾಗಿ ತಿರುಗುವಂತೆ ಮಾರ್ಪಡಿಸಿ ಕ್ಯಾರೊಸೆಲ್ ಎಂದು ಕರೆದರು. ಆ ಪದಕ್ಕೆ ಜಾತ್ರೆಯಲ್ಲಿ ಮಕ್ಕಳು ಕುಳಿತು ಸುತ್ತುವ ಮರದ ಕುದುರೆಗಳ ತಿರುಗಣಿ ಎಂಬ ಅರ್ಥವಿದೆ. ಇವೆರಡರಲ್ಲೂ ತಿರುಗುತ್ತಿದ್ದದ್ದು ಯಂತ್ರದ ಒಂದು ಮೂಲೆ ಮಾತ್ರ. ಮಿಕ್ಕ ಯಂತ್ರ ನಿಂತೇ ಇತ್ತು, ಮುಳ್ಳುಗಳೂ ಇದ್ದವು.

ಇಡೀ ಯಂತ್ರವನ್ನೇ ತಿರುಗಣಿ ಮಾಡಿ ನಡುವೆ ಕೂರಿಸಬಹುದು ಎಂಬ ಕಲ್ಪನೆ ಕರೋಲ್ ಫೋರೆಸ್ಟಿಯೇ ಎಂಬ ಯುವ ಗಡಿಯಾರ ತಜ್ಞೆಯದು. ಆ ವಿನ್ಯಾಸಕ್ಕೆ ಅವರಿಗೆ 1997ರಲ್ಲಿ ಬ್ರೆಗೆಯ ಹೆಸರಿನ ಪ್ರತಿಷ್ಠಾನ ಏರ್ಪಡಿಸಿದ್ದ ಸ್ಪರ್ಧೆಯ ಬಹುಮಾನ ಬಂತು. ಮುಂದೆ ಅವರು ಕಾರ್ಟಿಯೇ ಕಂಪನಿಯ ಉನ್ನತ ಯಂತ್ರಗಳ ವಿಭಾಗವನ್ನು ಬಹಳ ಕಾಲ ಮುನ್ನಡೆಸಿದರು. ಫ್ರೀಕ್‌ನ ಕಥೆ ಹೇಳುವಾಗ ಈ ಹೆಸರನ್ನು ಹಲವರು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ, ಏಕೆಂದರೆ ಬೀಜ ಅವರದೇ.

ಬೀಜವನ್ನು ಬೆಳೆಯಾಗಿಸಿದವರು ಲುಡ್ವಿಗ್ ಓಕ್ಸ್‌ಲಿನ್. ಇವರ ಹಿನ್ನೆಲೆ ತಿಳಿದರೆ ಫ್ರೀಕ್‌ನ ವಿಚಿತ್ರ ರೂಪ ಅಷ್ಟು ವಿಚಿತ್ರವೆನಿಸದು. ಜಪಾನಿನ ಸೈಕೊ ಕಂಪನಿ 1969ರ ಡಿಸೆಂಬರ್ 25ರಂದು ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟ ನಂತರ ಸ್ವಿಟ್ಜರ್‌ಲೆಂಡಿನ ಗಡಿಯಾರ ಉದ್ಯಮ ಕುಸಿಯಿತು; 1970ರ ಸುಮಾರಿಗೆ ತೊಂಬತ್ತು ಸಾವಿರದಷ್ಟಿದ್ದ ಕೆಲಸಗಾರರ ಸಂಖ್ಯೆ ಎಂಬತ್ತರ ದಶಕದ ನಡುವೆ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿದಿತ್ತು. ಲ ಲೋಕ್ಲ್ ಪಟ್ಟಣದಲ್ಲಿ 1846ರಲ್ಲಿ ಸ್ಥಾಪನೆಯಾಗಿ, ಹಡಗುಗಳಿಗೆ ಕ್ರೋನೋಮೀಟರ್ ಎಂಬ ಕರಾರುವಾಕ್ಕಾದ ಗಡಿಯಾರ ಮಾಡಿಕೊಟ್ಟು ಹೆಸರಾಗಿದ್ದ ಯುಲಿಸ್ ನಾರ್ಡಿನ್ ಕೂಡ ಹೆಚ್ಚುಕಡಿಮೆ ಮುಚ್ಚುವ ಸ್ಥಿತಿಗೆ ಬಂದಿತ್ತು. ರೋಲ್ಫ್ ಶ್ನೈಡರ್ ಎಂಬ ಉದ್ಯಮಿ 1983ರಲ್ಲಿ ಅದನ್ನು ಕೊಂಡರು. ಕರಾರುವಾಕ್ಕಾದ ವೇಳೆಯನ್ನು ಅಗ್ಗದ ಕ್ವಾರ್ಟ್ಸ್ ಗಡಿಯಾರವೇ ಕೊಡುತ್ತಿರುವಾಗ ಮೆಕ್ಯಾನಿಕಲ್ ಗಡಿಯಾರಕ್ಕೆ ಉಳಿದ ದಾರಿ, ಬೇರೆ ಯಾರೂ ಮಾಡದ್ದನ್ನು ಮಾಡುವುದು ಎಂದು ಅವರು ಕಂಡುಕೊಂಡರು. ವ್ಯಾಟಿಕನ್ನಿನ ಪ್ರಾಚೀನ ಫಾರ್ನೀಸ್ ಖಗೋಳ ಗಡಿಯಾರವನ್ನು ಜೀರ್ಣೋದ್ಧಾರ ಮಾಡಿದ ಅನುಭವವಿದ್ದ ಓಕ್ಸ್‌ಲಿನ್ ಅವರನ್ನು ಜೊತೆಗೆ ಸೇರಿಸಿಕೊಂಡು, ಸೂರ್ಯ ಚಂದ್ರ ನಕ್ಷತ್ರಗಳ ಗತಿಯನ್ನು ಮಣಿಕಟ್ಟಿನ ಮೇಲೆ ತೋರಿಸುವ ಮೂರು ಗಡಿಯಾರಗಳನ್ನು 1985, 1988 ಮತ್ತು 1992ರಲ್ಲಿ ಹೊರತಂದರು. ಗೆಲಿಲಿಯೋ, ಕೋಪರ್ನಿಕಸ್ ಮತ್ತು ಕೆಪ್ಲರ್ ಹೆಸರುಗಳನ್ನು ಅವಕ್ಕೆ ಇಡಲಾಯಿತು. ಗ್ರಹಗಳು ಸೂರ್ಯನ ಸುತ್ತ ತಿರುಗುವುದನ್ನು ಹಲ್ಲುಚಕ್ರಗಳಲ್ಲಿ ಹಿಡಿದಿಟ್ಟ ಕೈಗೆ, ಯಂತ್ರವೇ ತನ್ನ ಅಕ್ಷದ ಸುತ್ತ ಸುತ್ತುವುದು ಅಪರಿಚಿತ ಸಂಗತಿಯಾಗಿರಲಿಲ್ಲ.

ಫೋರೆಸ್ಟಿಯೇ ಅವರ ಮೂಲ ವಿನ್ಯಾಸದಲ್ಲಿ ಮೇನ್‌ಸ್ಪ್ರಿಂಗ್ ಕೂಡ ತಿರುಗುವ ಭಾಗದ ಮೇಲೆಯೇ ಇತ್ತು. ಅಲ್ಲಿ ಜಾಗ ಕಡಿಮೆ, ಆದ್ದರಿಂದ ಸ್ಪ್ರಿಂಗ್ ಚಿಕ್ಕದು. ಆದರೆ ಇಡೀ ಯಂತ್ರವನ್ನು ಹೊತ್ತು ತಿರುಗಿಸಲು ಬೇಕಾದದ್ದು ಹೆಚ್ಚಿನ ಬಲ. ಓಕ್ಸ್‌ಲಿನ್ ಸ್ಪ್ರಿಂಗನ್ನು ಅಲ್ಲಿಂದ ಇಳಿಸಿ, ಕೇಸಿನ ತಳದ ಪೂರ್ತಿ ಅಗಲವನ್ನು ಅದಕ್ಕೇ ಬಿಟ್ಟುಕೊಟ್ಟರು. ಪರಿಣಾಮವಾಗಿ ಒಮ್ಮೆ ಚಾವಿ ಕೊಟ್ಟರೆ ಒಂದು ವಾರ ನಡೆಯುವಷ್ಟು ಶಕ್ತಿ ದೊರೆಯಿತು. ತಮಗೆ ಅತಿ ವಿಚಿತ್ರವಾಗಿ ಕಂಡ ಸಂಗತಿ, ಅಂದರೆ ಗುಂಡಿಯೇ ಇಲ್ಲದಿರುವುದು, ಇಲ್ಲಿಂದಲೇ ಹುಟ್ಟಿತು. ಸಾಮಾನ್ಯ ಗಡಿಯಾರದಲ್ಲಿ ಗುಂಡಿಗೆ ಜೋಡಿಸಿದ ಉಕ್ಕಿನ ಕಡ್ಡಿ ಕೇಸಿನ ಪಕ್ಕದಿಂದ ಒಳನುಗ್ಗಿ ನಿಂತ ಯಂತ್ರವನ್ನು ಮುಟ್ಟುತ್ತದೆ. ಯಂತ್ರವೇ ಸುತ್ತುತ್ತಿರುವಾಗ ಆ ಕಡ್ಡಿ ಎಲ್ಲಿಗೆ ಹೋಗಿ ಮುಟ್ಟಬೇಕು? ನಡೆಯುವ ಎತ್ತಿನ ಕಾಲಿಗೆ ಕೋಲು ಚಾಚಿದಂತಾದೀತು. ಆದ್ದರಿಂದ ಚಾವಿ ಕೊಡಲು ಹಿಂಬದಿಯ ಬಳೆಯನ್ನೂ, ವೇಳೆ ಹೊಂದಿಸಲು ಗಾಜಿನ ಸುತ್ತಲಿನ ಬಳೆಯನ್ನೂ ತಿರುಗಿಸುವ ಏರ್ಪಾಡಾಯಿತು. ಮೇಲಿನ ಬಳೆ ತಿರುಗಿಸಿದರೆ ಅದರೊಂದಿಗೆ ಯಂತ್ರವೂ ತಿರುಗುತ್ತದೆ. ಬಳೆ ಅಕಸ್ಮಾತ್ತಾಗಿ ಜರುಗದಂತೆ ಆರರ ಜಾಗದಲ್ಲಿ ಒಂದು ಅಗುಳಿಯಿದೆ, ಅದನ್ನು ಎತ್ತಿದ ಮೇಲೆಯೇ ಬಳೆ ಕದಲುತ್ತದೆ.

ತಾವು ಬೀದರಿನವರಾದ್ದರಿಂದ ಒಂದು ಮಾತು ಹೇಳಬಹುದು. ಬಿದರಿ ಪಾತ್ರೆಯ ಕಪ್ಪು ಬಳಿದ ಬಣ್ಣವಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹ, ಕೋಟೆಯ ಮಣ್ಣು ಮತ್ತು ನವಸಾಗರದ ಲೇಪಕ್ಕೆ ಪ್ರತಿಕ್ರಿಯಿಸಿ ತಾನೇ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಫ್ರೀಕ್‌ನ ಮುಖವೂ ಹಾಗೆಯೇ. ಮುಳ್ಳು ತೆಗೆದರೆ ಚೆನ್ನಾಗಿ ಕಾಣುತ್ತದೆ, ಗುಂಡಿ ತೆಗೆದರೆ ಜನ ಬೆರಗಾಗುತ್ತಾರೆ ಎಂದು ಚಿತ್ರಗಾರರೊಬ್ಬರು ಕಾಗದದ ಮೇಲೆ ಗೀಚಿ ಕೊಟ್ಟದ್ದಲ್ಲ ಅದು. ಒಳಗಿನ ಒಂದು ನಿರ್ಧಾರ ಹೊರಗಿನ ಒಂದೊಂದೇ ರೂಢಿಯನ್ನು ಅನಗತ್ಯವಾಗಿಸುತ್ತ ಹೋಯಿತು. ಇಂದು ಲಕ್ಷಾಂತರ ಬೆಲೆಯ ಎಷ್ಟೋ ಗಡಿಯಾರಗಳು ಹೊರಗೆ ತಲೆಬುರುಡೆಯೋ ಕಾರಿನ ಇಂಜಿನ್ನೋ ಆಗಿ ಕಾಣುತ್ತ ಒಳಗೆ ಎಂದಿನ ಯಂತ್ರವನ್ನೇ ಇಟ್ಟುಕೊಂಡಿರುತ್ತವೆ. ಅವುಗಳ ಸಾಲಿಗೆ ಫ್ರೀಕ್ ಸೇರುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆದರೆ ಈ ಗಡಿಯಾರದ ದೊಡ್ಡ ಕೊಡುಗೆ ಸುತ್ತುವ ಯಂತ್ರವಲ್ಲ. ಅದನ್ನು ಹೇಳಲು ನನ್ನ ಮೇಜಿನ ಹತ್ತಿರ ಸ್ವಲ್ಪ ಬರಬೇಕು. ಕಲಬುರಗಿಯಲ್ಲಿ ನಾನು ಸೋದರಮಾವನ ಕೈಕೆಳಗೆ ಗಡಿಯಾರ ಬಿಚ್ಚುವುದನ್ನು ಕಲಿತ ದಿನಗಳಲ್ಲಿ ಶಹಾಬಾದ್ ಕಡೆಯ ಫರಸಿ ಕಲ್ಲಿನ ಗಣಿ ಮತ್ತು ಪಾಲಿಶ್ ಕಾರ್ಖಾನೆಗಳಲ್ಲಿ ದುಡಿಯುವವರ ಗಡಿಯಾರಗಳು ವಾರಕ್ಕೆ ನಾಲ್ಕೈದಾದರೂ ಬರುತ್ತಿದ್ದವು. ಹಿಂದಿನ ಮುಚ್ಚಳ ತೆಗೆದು ಕಣ್ಣಿಗೆ ಐಗ್ಲಾಸ್ ಎಂಬ ಭೂತಗನ್ನಡಿ ಸಿಕ್ಕಿಸಿ ನೋಡಿದರೆ, ಎಸ್ಕೇಪ್ ವೀಲಿನ ಹಲ್ಲಿನ ತುದಿಯಲ್ಲಿ ಬೂದು ಬಣ್ಣದ ಅಂಟು ಕಾಣುತ್ತಿತ್ತು. ಪ್ಯಾಲೆಟ್ಟಿನ ಕೆಂಪು ಕಲ್ಲಿಗೆ ಹಚ್ಚಿದ ಎಣ್ಣೆ ನಮ್ಮ ಬೇಸಿಗೆಯ 42 ಡಿಗ್ರಿ ಬಿಸಿಗೆ ತೆಳುವಾಗಿ ಹರಡಿ, ಮುಚ್ಚಳದ ಸಂದಿಯಿಂದ ಬಂದ ಕಲ್ಲಿನ ಪುಡಿಯನ್ನು ಕುಡಿದು, ಒಣಗಿ, ಅರೆಯುವ ಮಸಾಲೆಯಂತಾಗಿರುತ್ತಿತ್ತು. ಗಡಿಯಾರ ನಿಂತದ್ದಕ್ಕೆ ಕಾರಣ ಯಾವ ಭಾಗ ಮುರಿದದ್ದೂ ಅಲ್ಲ, ಎಣ್ಣೆ ಕೆಟ್ಟದ್ದು. ಮಾವ ಚಿಮಟದ ತುದಿಯಿಂದ ಅದನ್ನು ತೋರಿಸಿ, ‘ಎಣ್ಣಿ ಇಲ್ಲದಿದ್ದರ ನಡಿಯಂಗಿಲ್ಲ, ಎಣ್ಣಿ ಇದ್ದರ ಉಳಿಯಂಗಿಲ್ಲ’ ಎನ್ನುತ್ತಿದ್ದರು. ಗಡಿಯಾರ ಉದ್ಯಮದ ಹಳೆಯ ತಲೆನೋವು ಇದೇ.

ಎಲ್ಲ ಕಡೆ ಬಳಕೆಯಲ್ಲಿರುವ ಸ್ವಿಸ್ ಲಿವರ್ ಎಸ್ಕೇಪ್‌ಮೆಂಟಿನಲ್ಲಿ ಚಕ್ರದ ಹಲ್ಲು ಪ್ಯಾಲೆಟ್ಟಿನ ಕಲ್ಲಿನ ಮೇಲೆ ಜಾರುತ್ತ ಅದನ್ನು ನೂಕುತ್ತದೆ. ಜಾರುವಲ್ಲಿ ಉಜ್ಜುವಿಕೆ ಇದೆ, ಉಜ್ಜುವಲ್ಲಿ ಎಣ್ಣೆ ಬೇಕು. ಜಾರಿಕೆಯನ್ನು ತಪ್ಪಿಸಬೇಕಾದರೆ ಎಸ್ಕೇಪ್ ವೀಲು ಮಧ್ಯವರ್ತಿಯಿಲ್ಲದೆ ನೇರವಾಗಿ ಬ್ಯಾಲೆನ್ಸಿಗೇ ತಳ್ಳು ಕೊಡಬೇಕು, ಮತ್ತು ಬ್ಯಾಲೆನ್ಸ್ ಎರಡು ದಿಕ್ಕಿಗೂ ತೂಗುವುದರಿಂದ ಎದುರುಬದುರಾಗಿ ತಿರುಗುವ ಎರಡು ಎಸ್ಕೇಪ್ ವೀಲುಗಳು ಬೇಕು. ಈ ಉಪಾಯವನ್ನೂ ಬ್ರೆಗೆ ಪ್ರಯತ್ನಿಸಿದ್ದರು. ಆದರೆ ಎರಡು ಲೋಹದ ಚಕ್ರಗಳ ಭಾರ ಹೆಚ್ಚು. ಪ್ರತಿ ಬಡಿತಕ್ಕೂ ನಿಂತು ಮತ್ತೆ ಹೊರಡುವ ಚಕ್ರ ಭಾರವಾದಷ್ಟೂ ಶಕ್ತಿ ವ್ಯರ್ಥ, ಜೊತೆಗೆ ಹಲ್ಲುಗಳ ನಡುವಿನ ಸಡಿಲದಿಂದ ನಡಿಗೆ ಅಸ್ಥಿರ. ಆ ಕಾಲದ ಲೋಹಗಳಲ್ಲಿ ಅದು ಮುಂದುವರಿಯಲಿಲ್ಲ.

ಓಕ್ಸ್‌ಲಿನ್ ಇನ್ನೂರು ವರ್ಷಗಳ ನಂತರ ಅದೇ ಉಪಾಯಕ್ಕೆ ಕೈಹಾಕಿದಾಗ ಲೋಹವನ್ನೇ ಬಿಟ್ಟರು. 2001ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಗಡಿಯಾರ ಮೇಳದಲ್ಲಿ ಪ್ರದರ್ಶನಗೊಂಡ ಮೊದಲ ಫ್ರೀಕ್‌ನ ಎರಡೂ ಎಸ್ಕೇಪ್ ವೀಲುಗಳು ಸಿಲಿಕಾನಿನವು. ಕಂಪ್ಯೂಟರ್ ಚಿಪ್ ಮಾಡುವ ಅದೇ ಸಿಲಿಕಾನ್. ಮಾರಾಟಕ್ಕೆ ಬಂದ ಕೈಗಡಿಯಾರವೊಂದರಲ್ಲಿ ಈ ವಸ್ತುವಿನ ಎಸ್ಕೇಪ್‌ಮೆಂಟ್ ಕಾಣಿಸಿಕೊಂಡದ್ದು ಅದೇ ಮೊದಲು. ಸಿಲಿಕಾನಿನ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ, ಹಾಗಾಗಿ ಚಕ್ರ ಹಗುರ. ಅದು ಉಕ್ಕಿಗಿಂತ ಗಡುಸು, ಮೇಲ್ಮೈ ಬಹಳ ನುಣುಪು, ಆದ್ದರಿಂದ ಎಣ್ಣೆಯ ಹಂಗಿಲ್ಲ. ಅಯಸ್ಕಾಂತಕ್ಕೆ ಸೋಲುವುದಿಲ್ಲ; ಮೊಬೈಲ್ ಫೋನು, ಸ್ಪೀಕರುಗಳ ನಡುವೆ ಬದುಕುವ ನಮ್ಮ ಕಾಲದಲ್ಲಿ ಇದು ಸಣ್ಣ ಗುಣವಲ್ಲ. ಮಾಡುವ ರೀತಿಯೂ ಬೇರೆ: ಬ್ಲೇಡಿನಿಂದ ಹಲ್ಲು ಕತ್ತರಿಸುವುದಿಲ್ಲ, ತೆಳುವಾದ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ಆಕಾರ ಮೂಡಿಸಿ, ಬೇಡದ ಭಾಗವನ್ನು ಅನಿಲದ ಪ್ಲಾಸ್ಮಾದಿಂದ ಕೊರೆದು ತೆಗೆಯುತ್ತಾರೆ. ಒಂದೇ ಬಿಲ್ಲೆಯಲ್ಲಿ ಅನೇಕ ಚಕ್ರಗಳು ಒಂದೇ ಅಚ್ಚಿನಂತೆ ಹೊರಬರುತ್ತವೆ. ದೋಷವೂ ಇದೆ. ಸಿಲಿಕಾನ್ ಮಿತಿಮೀರಿ ಬಾಗಿದರೆ ಲೋಹದಂತೆ ಬಾಗಿ ಉಳಿಯುವುದಿಲ್ಲ, ಒಡೆಯುತ್ತದೆ. ಬಾಗಿದ ಲೋಹದ ಹೇರ್‌ಸ್ಪ್ರಿಂಗನ್ನು ಚಿಮಟದಿಂದ ತಿದ್ದಿ ತಿದ್ದಿ ಸರಿಮಾಡಿದ ನನ್ನಂಥವರಿಗೆ ಅದರ ಮುಂದೆ ಕೆಲಸವಿಲ್ಲ, ಹೊಸ ಭಾಗ ಹಾಕಬೇಕು ಅಷ್ಟೆ.

ಈ ಒಂದು ಹೆಜ್ಜೆಯ ಹಿಂದೆ ಇಡೀ ಉದ್ಯಮ ನಡೆದು ಬಂತು. ಪಾಟೆಕ್ ಫಿಲಿಪ್ 2005ರಲ್ಲಿ ಸಿಲಿಕಾನ್ ಎಸ್ಕೇಪ್ ವೀಲಿನ ಸೀಮಿತ ಸಂಖ್ಯೆಯ ಗಡಿಯಾರಗಳನ್ನು ಹೊರತಂದಿತು. ರೋಲೆಕ್ಸ್ 2014ರಲ್ಲಿ ಸಿಲಿಕಾನ್ ಹೇರ್‌ಸ್ಪ್ರಿಂಗನ್ನು ಬಳಕೆಗೆ ತಂದಿತು. ಈಗ ಟಿಸ್ಸೋ ಕಂಪನಿಯ ಮಧ್ಯಮ ಬೆಲೆಯ ಕೆಲವು ಗಡಿಯಾರಗಳಲ್ಲೂ ಸಿಲಿಕಾನ್ ಸ್ಪ್ರಿಂಗ್ ಇದೆ. ಆಟಿಕೆಯೋ ವಿದ್ಯೆಯೋ ಎಂಬ ತಮ್ಮ ಪ್ರಶ್ನೆಗೆ ಇದನ್ನೇ ನಾನು ಉತ್ತರವಾಗಿ ಕೊಡುತ್ತೇನೆ. ಸುತ್ತುವ ಯಂತ್ರದಿಂದ ವೇಳೆಯ ನಿಖರತೆಗೆ ದೊರೆಯುವ ಲಾಭ ಕೈಗಡಿಯಾರದಲ್ಲಿ ಅಲ್ಪವೇ, ಏಕೆಂದರೆ ನಮ್ಮ ಕೈ ದಿನವಿಡೀ ತಾನೇ ಎಲ್ಲ ದಿಕ್ಕಿಗೂ ತಿರುಗುತ್ತಿರುತ್ತದೆ. ಆ ಮಟ್ಟಿಗೆ ಅದು ಬೆರಗಿಗಾಗಿ ಮಾಡಿದ್ದೆಂದು ಒಪ್ಪುತ್ತೇನೆ. ಆದರೆ ಆ ಬೆರಗನ್ನು ಮಾರಿ ಬಂದ ಹಣವೂ ಧೈರ್ಯವೂ ಇಲ್ಲದಿದ್ದರೆ ಸಿಲಿಕಾನ್ ಇಷ್ಟು ಬೇಗ ಮಣಿಕಟ್ಟಿಗೆ ಬರುತ್ತಿರಲಿಲ್ಲ.

2001ರ ನಂತರದ ಕಥೆಯನ್ನು ವರ್ಷ ವರ್ಷಕ್ಕೆ ಹೇಳುವ ಅಗತ್ಯವಿಲ್ಲ, ಏಕೆಂದರೆ ಬಹಳಷ್ಟು ಮಾದರಿಗಳು ಕೇಸಿನ ಲೋಹ ಮತ್ತು ಬಣ್ಣದಲ್ಲಿ ಮಾತ್ರ ಬೇರೆ. ಗಮನಿಸಬೇಕಾದ ತಿರುವುಗಳು ಕೆಲವೇ. ಮೊದಲ ಎಸ್ಕೇಪ್‌ಮೆಂಟ್ ಕೆಲವು ವರ್ಷಗಳಲ್ಲೇ ಮಾರ್ಪಾಡಾಯಿತು. 2007ರಲ್ಲಿ ಸಿಲಿಕಾನಿನ ಮೇಲೆ ಕೃತಕ ವಜ್ರದ ತೆಳುಪದರ ಬೆಳೆಸಿದ ಭಾಗಗಳು ಬಂದವು. ಒಡೆಯುವ ದೋಷಕ್ಕೆ ಅದು ಒಂದು ಮದ್ದು. ಅದೇ ವರ್ಷ ಹೊಸ ಪ್ರಯೋಗಗಳನ್ನೆಲ್ಲ ಒಂದೆಡೆ ಸೇರಿಸಿ ‘ಇನೋವಿಷನ್’ ಎಂಬ ಮಾದರಿಯನ್ನು ಕಂಪನಿ ತೋರಿಸಿತು. ಶ್ನೈಡರ್ 2011ರಲ್ಲಿ ತೀರಿಕೊಂಡರು. 2014ರಲ್ಲಿ ಕಂಪನಿ ಫ್ರಾನ್ಸಿನ ಕೆರಿಂಗ್ ಸಮೂಹದ ಕೈಸೇರಿತು. 2022ರಲ್ಲಿ ಅದರ ಆಡಳಿತ ನಡೆಸುತ್ತಿದ್ದವರೇ ಅದನ್ನು ಕೊಂಡುಕೊಂಡರು. ಒಡೆಯರು ಬದಲಾದಾಗ ಗಡಿಯಾರದ ಸ್ವಭಾವವೂ ಸ್ವಲ್ಪ ಬದಲಾಯಿತು ಎಂದೇ ನನಗೆ ಅನಿಸುತ್ತದೆ.

2018ರ ಫ್ರೀಕ್ ವಿಷನ್ ಸ್ವಯಂಚಾಲಿತವಾಗಿ ಚಾವಿ ಪಡೆಯುವ ಮೊದಲ ಫ್ರೀಕ್. ಕೈಯ ಅಲುಗಾಟದಿಂದ ತೂಗುವ ಅರ್ಧಚಂದ್ರಾಕಾರದ ತೂಕವನ್ನು ಎಲ್ಲ ಆಟೊಮ್ಯಾಟಿಕ್ ಗಡಿಯಾರಗಳಲ್ಲೂ ಕಾಣುತ್ತೇವೆ. ಆದರೆ ಸಣ್ಣ ಅಲುಗಾಟಗಳು ಹಲ್ಲುಗಳ ನಡುವಿನ ಸಡಿಲದಲ್ಲೇ ಕರಗಿಹೋಗುತ್ತವೆ. ಇಲ್ಲಿ ಬಳುಕುವ ನಾಲ್ಕು ಅಲಗುಗಳ ಒಂದು ಚೌಕಟ್ಟಿನ ಮೂಲಕ ಅಂಥ ಚಿಕ್ಕ ಅಲುಗಾಟವನ್ನೂ ಹಿಡಿದು ಸ್ಪ್ರಿಂಗಿಗೆ ಒಪ್ಪಿಸುತ್ತಾರೆ. ಕಂಪನಿ ಅದಕ್ಕೆ ‘ಗ್ರೈಂಡರ್’ ಎಂದು ಹೆಸರಿಟ್ಟಿದೆ. ನಮ್ಮ ಅಡುಗೆಮನೆಯ ಗ್ರೈಂಡರಿಗೂ ಅದಕ್ಕೂ ಸಂಬಂಧವಿಲ್ಲ.

ಮರುವರ್ಷ, 2019ರಲ್ಲಿ, ಬಂದ ಫ್ರೀಕ್ ಎಕ್ಸ್ ಅಭಿಮಾನಿಗಳಲ್ಲಿ ದೊಡ್ಡ ಜಗಳ ಹುಟ್ಟಿಸಿತು. ಅದಕ್ಕೆ ಗುಂಡಿ ಇತ್ತು. 43 ಮಿಲಿಮೀಟರ್ ಅಗಲದ ಕೇಸು, 72 ಗಂಟೆ ನಡೆಯುವ ಆಟೊಮ್ಯಾಟಿಕ್ ಯಂತ್ರ, ಸುಮಾರು 21 ಸಾವಿರ ಡಾಲರಿನ ಬೆಲೆ. ಈ ಬೆಲೆಯೂ ನಮಗೆ ಮನೆ ಕಟ್ಟುವ ಮಾತೇ, ಆದರೂ ಹಿಂದಿನ ಫ್ರೀಕ್‌ಗಳ ಪಕ್ಕದಲ್ಲಿ ಅದು ಬಹಳ ಕಡಿಮೆ. ಇದನ್ನು ಸಾಧಿಸಿದ ದಾರಿ ಇದು: ಕಂಪನಿಯ ಸಾಮಾನ್ಯ ಯಂತ್ರವೊಂದನ್ನು ಕೆಳಗೆ ನಿಲ್ಲಿಸಿ, ಬ್ಯಾಲೆನ್ಸ್ ಮತ್ತು ಅದರ ಜೊತೆಗಿನ ಭಾಗಗಳನ್ನು ಮಾತ್ರ ಮೇಲೆ ತಿರುಗುವ ಪಟ್ಟಿಗೆ ಏರಿಸಲಾಯಿತು. ಅಂದರೆ ನಿಮಿಷ ತೋರಿಸುವುದು ಈಗಲೂ ಸುತ್ತುವ ಪಟ್ಟಿಯೇ, ಆದರೆ ಇಡೀ ಯಂತ್ರವಲ್ಲ. ತಳದ ಯಂತ್ರ ನಿಂತಿರುವುದರಿಂದ ಗುಂಡಿಯ ಕಡ್ಡಿಗೆ ಮುಟ್ಟಲು ಜಾಗ ಸಿಕ್ಕಿತು. ಗುಂಡಿ ಮರಳಿದ್ದು ಕೊಳ್ಳುವವರ ಅನುಕೂಲಕ್ಕಾಗಿ ಎಂದು ಹಲವರು ಬರೆದರು. ಅದು ಅರ್ಧ ಸತ್ಯ. ಒಳಗಿನ ರಚನೆ ಬದಲಾದಾಗ ಹೊರಗಿನ ರೂಪ ಅದನ್ನು ಹಿಂಬಾಲಿಸಿತು, 2001ರಲ್ಲಿ ಆದದ್ದೇ ತಿರುಗುಮುರುಗಾಗಿ ಆಯಿತು. ನನ್ನ ಮಟ್ಟಿಗೆ ಫ್ರೀಕ್ ಎಕ್ಸ್ ಪ್ರಾಮಾಣಿಕವಾದ ಗಡಿಯಾರ, ಆದರೆ ಗಾಣದಿಂದ ಎತ್ತನ್ನು ಬಿಚ್ಚಿ ಮೋಟಾರು ಕೂರಿಸಿ, ನೊಗದ ಮರ ಮಾತ್ರ ಸುತ್ತುವಂತೆ ಬಿಟ್ಟ ಹಾಗಿದೆ.

2022ರ ಫ್ರೀಕ್ ಎಸ್ ಮತ್ತೆ ಹುಚ್ಚು ಸಾಹಸದ ಕಡೆಗೆ ಹೊರಳಿತು. ಅದರಲ್ಲಿ ಒಂದರ ಬದಲು ಎರಡು ಬ್ಯಾಲೆನ್ಸ್ ಚಕ್ರಗಳಿವೆ, ಎರಡೂ 20 ಡಿಗ್ರಿಯಷ್ಟು ಓರೆಯಾಗಿ ನಿಂತಿವೆ, ಮತ್ತು ಅವುಗಳ ನಡುವೆ ಒಂದು ಡಿಫರೆನ್ಷಿಯಲ್ ಇದೆ. ಟ್ರ್ಯಾಕ್ಟರ್ ತಿರುವಿನಲ್ಲಿ ಹೋಗುವಾಗ ಎಡಬಲದ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೇ ಇದು. ಎರಡು ಬ್ಯಾಲೆನ್ಸುಗಳ ನಡಿಗೆಯಲ್ಲಿ ಒಂದು ತುಸು ಮುಂದೆ, ಒಂದು ತುಸು ಹಿಂದೆ ಬಿದ್ದರೆ ಅದು ಎರಡರ ಸರಾಸರಿಯನ್ನು ತೆಗೆದು ವೇಳೆಯಾಗಿ ಕೊಡುತ್ತದೆ. ಇಂಥವನ್ನು 75 ಮಾತ್ರ ಮಾಡುವುದಾಗಿ ಕಂಪನಿ ಪ್ರಕಟಿಸಿತು. 2023ರ ಫ್ರೀಕ್ ಒನ್ ಗುಂಡಿಯನ್ನು ಮತ್ತೆ ಕಿತ್ತೊಗೆದು ಮೊದಲ ಫ್ರೀಕ್‌ನ ಮುಖಕ್ಕೆ ಮರಳಿತು. ಬಳೆ ತಿರುಗಿಸಿ ವೇಳೆ ಹೊಂದಿಸುವ ಕ್ರಮ ಹಾಗೆಯೇ ಉಳಿಯಿತು, ಒಳಗೆ ಮಾತ್ರ ಗ್ರೈಂಡರ್ ಮತ್ತು 90 ಗಂಟೆಯ ಶಕ್ತಿ ಸಂಗ್ರಹ ಬಂದವು. ಜಿನೀವಾದ ಗಡಿಯಾರ ಪ್ರಶಸ್ತಿಗಳಲ್ಲಿ ಆ ವರ್ಷ ಅದಕ್ಕೆ ‘ಐಕಾನಿಕ್’ ವಿಭಾಗದ ಬಹುಮಾನ ದೊರೆಯಿತು. ವಿಚಿತ್ರ ಎಂಬ ಅರ್ಥದ ಹೆಸರಿಟ್ಟುಕೊಂಡ ವಸ್ತುವಿಗೆ ಇಪ್ಪತ್ತೆರಡೇ ವರ್ಷಗಳಲ್ಲಿ ಪರಂಪರೆಯ ಮುದ್ರೆ ಬಿದ್ದದ್ದನ್ನು ಕಂಡು ನಗು ಬಂತು.

ಫ್ರೀಕ್ ಗಡಿಯಾರವನ್ನು ನಾನು ಕೈಯಲ್ಲಿ ಹಿಡಿದದ್ದು ಒಮ್ಮೆ ಮಾತ್ರ, ಹತ್ತು ನಿಮಿಷ. ಹೈದರಾಬಾದಿನಲ್ಲಿ ಪರಿಚಿತರೊಬ್ಬರ ಮನೆಗೆ ಬಂದಿದ್ದ ಅತಿಥಿಯೊಬ್ಬರು, ನಾನು ಗಡಿಯಾರದ ಕೆಲಸದವನೆಂದು ತಿಳಿದು ಬಿಚ್ಚಿ ಕೊಟ್ಟರು. ಐಗ್ಲಾಸಿನಲ್ಲಿ ನೋಡಿದಾಗ ಸಿಲಿಕಾನ್ ಭಾಗಗಳು ನೇರಳೆ ನೀಲಿಯ ಹೊಳಪಿನಲ್ಲಿ, ನವಿಲುಗರಿಯ ಕಣ್ಣಿನಂತೆ ಕಂಡವು. ಬ್ಯಾಲೆನ್ಸ್ ಕಣ್ಣಿಗೆ ಕಾಣುವಷ್ಟು ಜೋರಾಗಿ ತೂಗುತ್ತಿತ್ತು, ಆದರೆ ಅದನ್ನು ಹೊತ್ತ ಪಟ್ಟಿ ನಿಂತೇ ಇದೆ ಎನಿಸುತ್ತಿತ್ತು. ಮಾತಾಡುತ್ತ ಚಹಾ ಕುಡಿದು ಮತ್ತೆ ನೋಡಿದರೆ ಅದು ಇನ್ನೊಂದು ಗುರುತಿನ ಬಳಿ ಇತ್ತು.

ಕೊಳ್ಳುವವರಿಗೆ ಹೇಳಬೇಕಾದದ್ದು ಒಂದಿದೆ. ಇಂಥ ಗಡಿಯಾರವನ್ನು ಕಲಬುರಗಿಯಲ್ಲಾಗಲಿ ಬೀದರಿನಲ್ಲಾಗಲಿ ಯಾರ ಕೈಗೂ ಬಿಚ್ಚಲು ಕೊಡಬಾರದು; ನಾನೂ ಮುಟ್ಟುವುದಿಲ್ಲ. ಅದರ ಭಾಗಗಳೂ ಬಿಚ್ಚುವ ಉಪಕರಣಗಳೂ ಹೊರಗೆ ಸಿಗುವುದಿಲ್ಲ, ಕಂಪನಿಯ ಸರ್ವಿಸಿಗೇ ಹೋಗಬೇಕು. ಎಣ್ಣೆ ಬೇಡದ ಎಸ್ಕೇಪ್‌ಮೆಂಟ್ ಎಂದರೆ ಸರ್ವಿಸ್ ಬೇಡದ ಗಡಿಯಾರವೆಂದು ಕೆಲವರು ತಿಳಿಯುತ್ತಾರೆ. ಮಿಕ್ಕ ಚಕ್ರಗಳ ಅಚ್ಚುಗಳಿಗೂ ಬ್ಯಾರೆಲ್ಲಿಗೂ ಎಣ್ಣೆ ಬೇಕೇ ಬೇಕು.

ತಮ್ಮ ಜನತಾ ಗಡಿಯಾರದ ಮಾತಿಗೆ ಬಂದರೆ, ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವುದು ಹೇರ್‌ಸ್ಪ್ರಿಂಗಿನ ಮೇಲಿನ ಮುಳ್ಳನ್ನು ‘ಫಾಸ್ಟ್’ ಕಡೆ ಸರಿಸಿ ಮುಗಿಸುವ ತಪ್ಪಲ್ಲ. ಯಾರಾದರೂ ಮುಚ್ಚಳ ತೆಗೆದು ಅಷ್ಟನ್ನೇ ಮಾಡಿ ಕೊಟ್ಟರೆ ಒಪ್ಪಬೇಡಿ. ಮೊದಲು ಪೂರ್ತಿ ಚಾವಿ ಕೊಟ್ಟಾಗ ಎಷ್ಟು ಗಂಟೆ ನಡೆಯುತ್ತದೆಂದು ಎರಡು ದಿನ ಬರೆದಿಡಿ. 30 ಗಂಟೆಗೂ ಮೊದಲೇ ನಿಂತರೆ ಮೇನ್‌ಸ್ಪ್ರಿಂಗ್ ಸೋತಿದೆ ಅಥವಾ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದು ತಿಳಿಯಬಹುದು. ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಸಬೇಕು. ಸ್ಪ್ರಿಂಗ್ ಬದಲಿಸಬೇಕಾಗಿ ಬಂದರೆ ಅದೂ ಸಿಗುತ್ತದೆ, ಏಕೆಂದರೆ ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿದ ಮೇಲೂ ಹಳೆಯ ಗಡಿಯಾರಗಳ ಬಿಡಿಭಾಗಗಳು ನಮ್ಮಂಥವರ ಡಬ್ಬಿಗಳಲ್ಲಿ ಉಳಿದಿವೆ. ಡಯಲನ್ನು ಮಾತ್ರ ಹೊಸದಾಗಿ ಬಣ್ಣ ಹಾಕಿಸಬೇಡಿ, ತಂದೆಯವರು ನೋಡಿದ ಅಕ್ಷರಗಳು ಹಾಗೆಯೇ ಇರಲಿ. ಕೆಲಸಕ್ಕೆ ಕೊಟ್ಟಾಗ ಕನಿಷ್ಠ ನಾಲ್ಕು ದಿನ ಅಂಗಡಿಯಲ್ಲೇ ಇಟ್ಟು, ಮಲಗಿಸಿ, ನಿಲ್ಲಿಸಿ, ಗುಂಡಿ ಕೆಳಗಾಗಿಸಿ ಮೂರೂ ಭಂಗಿಯಲ್ಲಿ ನಡಿಗೆ ನೋಡಿದ ಮೇಲೆಯೇ ತೆಗೆದುಕೊಳ್ಳಿ.